ಸೊನ್ನೆಯನ್ನೂ ಬರೆಯುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಹಿಡಿದು ನಾಲ್ಕು ಒಳ್ಳೆಯ ಮಾತು ಆಡುವ ಯೋಗ್ಯತೆ ನನಗಿಲ್ಲ ಎಂಬುದೇ ಕಾರಣ. ಗಂಗಾವತಿಯ ನನ್ನ ಟೂರ್ ಆಫೀಸಿಗೆ ಬಂದು ಹೋಗುವವರೆಲ್ಲ ಅವರನ್ನು ಮಳೆ ಸರ್ ಎಂದು ಕರೆಯುತ್ತಿದ್ದರು. ಮುನಿರಾಬಾದಿನಲ್ಲಿ ಮಳೆ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ಹೋದ ತಿಂಗಳು ತೀರಿಕೊಂಡರು.

ಮೊದಲ ಸಲ ಅವರು ಬಂದದ್ದು ಟಿಕೆಟ್ ಕೇಳಲಿಕ್ಕಲ್ಲ. ಆಫೀಸಿನ ಗಾಜಿನ ಬಾಗಿಲಿಗೆ ನಾನೊಂದು ದೊಡ್ಡ ಪೋಸ್ಟರ್ ಅಂಟಿಸಿದ್ದೆ. ಆಫ್ರಿಕಾದ ಬಯಲು, ಅದರ ನಡುವೆ ಒಂದು ಹೊಳೆ, ಹೊಳೆಯೊಳಗೆ ಸಾವಿರಾರು ಕಾಡುದನಗಳು ಒಂದರ ಮೇಲೊಂದು ಬಿದ್ದು ಈಜುತ್ತಿರುವ ಚಿತ್ರ. ಕೆಳಗೆ ಕೆಂಪಕ್ಷರದಲ್ಲಿ ‘ಏಪ್ರಿಲ್ ರಜೆಗೆ ಆಫ್ರಿಕಾ ಸಫಾರಿ’ ಎಂದು ಬರೆಸಿದ್ದೆ. ಬಿಳಿ ಪೈಜಾಮ, ಮಾಸಿದ ಅಂಗಿ, ಕಂಕುಳಲ್ಲಿ ಚೀಲ ಹಿಡಿದ ಒಬ್ಬ ತೆಳ್ಳನೆಯ ಮುದುಕರು ಅದರ ಮುಂದೆ ಕಾಲುಗಂಟೆ ನಿಂತಿದ್ದರು. ಆಮೇಲೆ ಒಳಗೆ ಬಂದು, ಕೂಡ್ರಿ ಅಂದರೂ ಕೂರದೆ ಹೇಳಿದರು.

“ಈ ಫೋಟೋ ಏಪ್ರಿಲ್‌ದ್ದಲ್ಲ ರೀ.”

“ಹ್ಯಾಂಗ ಹೇಳ್ತೀರಿ?”

“ಹುಲ್ಲು ನೋಡ್ರಿ, ಒಣಗಿ ಬಂಗಾರದ ಬಣ್ಣ ಆಗೈತಿ. ದಂಡಿ ಮ್ಯಾಲ ಧೂಳ ಎದ್ದೈತಿ. ಇದು ಆಗಸ್ಟ್ ಇಲ್ಲಾ ಸೆಪ್ಟೆಂಬರ್. ಏಪ್ರಿಲ್‌ನ್ಯಾಗ ಅಲ್ಲಿ ದೊಡ್ಡ ಮಳಿಗಾಲ ನಡದಿರ್ತೈತಿ.”

ನಾನು ನಕ್ಕೆ. ಏಪ್ರಿಲ್‌ನಲ್ಲಿ ಗಂಗಾವತಿಯ ಡಾಂಬರು ಕಾಲಿಗೆ ಅಂಟುತ್ತದೆ. ಆ ತಿಂಗಳಲ್ಲಿ ಮಳೆಗಾಲ ಎಂದರೆ ನಮ್ಮ ಕಡೆಯ ಕೂಸೂ ನಂಬುವುದಿಲ್ಲ. “ಸರ್ರ, ಚಾ ಕುಡೀರಿ” ಎಂದು ಮಾತು ಹಾರಿಸಿದೆ. ಚಹಾ ಬಂತು. ಅವರು ಗ್ಲಾಸನ್ನು ಮೇಜಿನ ಮೇಲಿಟ್ಟು, ಮೊಳಕಾಲು ಮಡಿಸಿ ತಗ್ಗಿ, ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ನೋಡಿದರು. “ಇವತ್ತ ಒಂದು ಗೆರಿ ಕಡಿಮಿ ಹಾಕ್ಯಾನ” ಎಂದರು. ಮೂವತ್ತಕ್ಕಿಂತ ಹೆಚ್ಚು ವರ್ಷ ಅಳತೆಯ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ತಂದು ಓದಿದ ಅಭ್ಯಾಸ ಅದು. ಮೇಲಿಂದ ನೋಡಿದರೆ ಒಂದು ಲೆಕ್ಕ, ಕೆಳಗಿಂದ ನೋಡಿದರೆ ಇನ್ನೊಂದು, ಸಮಕ್ಕೆ ತಗ್ಗಿ ನೋಡಿದರೆ ಮಾತ್ರ ಖರೆ ಎನ್ನುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಪಾಯಸದ ಬಟ್ಟಲನ್ನೂ ಹಾಗೇ ನೋಡಿ ಬಡಿಸುವವರನ್ನು ಗಾಬರಿ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಆಮೇಲೆ ವಾರಕ್ಕೊಮ್ಮೆಯಾದರೂ ಬರತೊಡಗಿದರು. ಅವರ ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು ಇರುತ್ತಿತ್ತು. ನಿವೃತ್ತರಾದ ಮೇಲೂ ಮನೆಯ ಮಾಳಿಗೆ ಮೇಲೆ ಡಬ್ಬಿಯಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆಯುತ್ತಿದ್ದರು. ತಾರೀಖು, ಮಳೆ, ಕೊನೆಯಲ್ಲಿ ಟಿಪ್ಪಣಿ ಬರೆಯಲು ಷರಾ ಎಂಬ ಅಗಲ ಕಾಲಂ. ಪುಟ ತಿರುವಿದರೆ ಬರೀ ಸೊನ್ನೆ. ಜನವರಿ ತುಂಬ ಸೊನ್ನೆ, ಫೆಬ್ರವರಿ ತುಂಬ ಸೊನ್ನೆ.

“ಸರ್ರ, ಮಳಿ ಬಂದ ದಿನ ಅಷ್ಟ ಬರದ್ರ ಸಾಕಲ್ರಿ?” ಎಂದು ಕೆಣಕಿದೆ.

“ಸೊನ್ನಿ ಬರ್ಯೂದೂ ಕೆಲಸಾನ ತಮ್ಮಾ. ಬರೀಲಿಲ್ಲಂದ್ರ, ನೋಡಿ ಬಿಟ್ಟಾನೋ, ನೋಡದ ಬಿಟ್ಟಾನೋ, ಹ್ಯಾಂಗ ಗೊತ್ತಾಗಬೇಕು?”

ಅಷ್ಟರಲ್ಲಿ ನಾನು ಅವರಿಗೆ ತಮ್ಮ ಆಗಿಬಿಟ್ಟಿದ್ದೆ. ಅದು ನನಗೆ ಹಿತವಾಗಿತ್ತು.

ಮಳೆಯ ಕಾಲಂ ಪಕ್ಕದಲ್ಲಿ ಅವರು ಇನ್ನೊಂದು ಗೆರೆ ಎಳೆದು ಮೇಲೆ ‘ಅಲ್ಲಿ’ ಎಂದು ಬರೆದಿದ್ದರು. ಅಲ್ಲಿ ಎಂದರೆ ಆಫ್ರಿಕಾದ ಮಾರಾ ಹೊಳೆಯ ಬಯಲು. ಫೋನಿನಲ್ಲಿ ಅಲ್ಲಿಯ ಮಳೆ ನೋಡಿ ಅದನ್ನೂ ತುಂಬುತ್ತಿದ್ದರು. ಅಷ್ಟು ದೂರದ ನಂಟು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಅಳವಂಡಿ ಕಡೆಯವರು. ಹುಡುಗರಿದ್ದಾಗ ಬೇಸಿಗೆ ಬಂದರೆ ಅವರಪ್ಪ ದನ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ನಡೆಯುತ್ತಿದ್ದನಂತೆ. ಮುಂದೆ ಎಂದೋ ಲೈಬ್ರರಿಯ ಪುಸ್ತಕವೊಂದರಲ್ಲಿ, ಮಳೆಯ ಬೆನ್ನು ಹತ್ತಿ ವರ್ಷವಿಡೀ ನಡೆಯುವ ಆ ಕಾಡುದನಗಳ ಚಿತ್ರ ಕಂಡು ಅಲ್ಲೇ ಕೂತುಬಿಟ್ಟರಂತೆ. ಅವನ್ನು ಗಡ್ಡದ ದನ ಎಂದೇ ಕರೆಯುತ್ತಿದ್ದರು.

“ನಮ್ಮ ಕಡಿ ಡ್ಯಾಮಿನ ಗೇಟ್ ಎತ್ತಿದ್ರ ನೀರು. ಅಲ್ಲಿ ಮಳಿನ ಗೇಟು” ಎಂದು ನನ್ನ ರಸೀತಿ ಪುಸ್ತಕದ ಹಿಂದೆಯೇ ಚಿತ್ರ ಬರೆದು ತೋರಿಸಿದರು. “ಜನವರಿ ಫೆಬ್ರವರಿಗೆ ದಕ್ಷಿಣದ ಬಯಲಾಗ ಎಳೀ ಹುಲ್ಲು ಇರ್ತೈತಿ, ಅಲ್ಲಿ ಈಯ್ತಾವ. ಆಮ್ಯಾಲ ದೊಡ್ಡ ಮಳಿ. ಅದು ಮುಗದು ನೆಲ ಒಣಗಿದಂಗ ಉತ್ತರಕ್ಕ ನಡೀತಾವ. ಜುಲೈ ಕಡೀಕ ಇಲ್ಲಾ ಆಗಸ್ಟ್‌ನ್ಯಾಗ ಹೊಳಿ ದಾಟ್ತಾವ. ಒಣಾ ದಿನದಾಗ ನೀರು ಎಲ್ಲೋ ಒಂದ ಕಡಿ, ಹಂಗಾಗಿ ಆನಿ, ಸಿಂಹ, ಎಲ್ಲಾ ಅಲ್ಲೇ ಬರ್ತಾವ, ಕಾಣ್ತಾವ. ಮಳಿಗಾಲದಾಗ ಎಲ್ಲಾ ಕಡಿ ನೀರು, ಎದಿ ಮಟ ಹುಲ್ಲು. ಪ್ರಾಣಿ ಇದ್ರೂ ಕಾಣಂಗಿಲ್ಲ. ಏಪ್ರಿಲ್‌ನ್ಯಾಗ ಮಾತ್ರ ಮಂದೀನ ಕರ್ಕೊಂಡು ಹೋಗಬ್ಯಾಡ ತಮ್ಮಾ.”

ಆ ಹಾಳೆಯನ್ನು ನಾನು ಚೆಂದಾಗಿ ಟೈಪ್ ಮಾಡಿಸಿ, ‘ನಮ್ಮ ಅನುಭವದಿಂದ’ ಎಂದು ತಲೆಬರಹ ಕೊಟ್ಟು ಗಿರಾಕಿಗಳಿಗೆ ಹಂಚಿದೆ. ಏಪ್ರಿಲ್ ಬಗ್ಗೆ ಅವರು ಹೇಳಿದ ಸಾಲನ್ನು ಮಾತ್ರ ಬಿಟ್ಟೆ.

ಅದಕ್ಕೆ ಕಾರಣ ಇತ್ತು. ನಮ್ಮ ಭಾಗದ ಜನರ ಬಿಡುವು ಪಂಚಾಂಗದಲ್ಲಿಲ್ಲ, ಕಾಲುವೆಯಲ್ಲಿದೆ. ಬೇಸಿಗೆ ಭತ್ತ ಕೊಯ್ದು, ಕಾಲುವೆ ಬಂದ್ ಆಗಿ, ಸಾಲಿಗೆ ಸೂಟಿ ಬಿದ್ದಾಗ ಗಂಗಾವತಿಯ ಮಂದಿ ಊರು ಬಿಡುತ್ತಾರೆ. ಆಗಸ್ಟ್‌ನಲ್ಲಿ ನಾಟಿಯ ಗದ್ದಲ, ಒಬ್ಬರೂ ಅಲ್ಲಾಡುವುದಿಲ್ಲ. ನಮ್ಮ ಕಾಲುವೆ ಬಂದ್ ಆಗುವ ಹೊತ್ತಿಗೇ ಅಲ್ಲಿ ಮಳೆಯ ಗೇಟು ತೆರೆಯುತ್ತದೆ. ಗಿರಾಕಿಗಳಿಲ್ಲದ ಆ ತಿಂಗಳು ಅಲ್ಲಿಯ ಕ್ಯಾಂಪಿನವರು ಕಡಿಮೆಗೆ ಒಪ್ಪುತ್ತಾರೆ. ನನಗೆ ಎರಡೂ ಅನುಕೂಲ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ದಾರಿಯಿಲ್ಲ. ಗೊತ್ತಿದ್ದೇ ಮಾಡಿದೆ.

ಮೂರು ವರ್ಷದ ಹಿಂದೆ ಹದಿನೆಂಟು ಜನ ಹೆಸರು ಕೊಟ್ಟರು. ಹೆಚ್ಚಿನವರು ಭತ್ತದ ವ್ಯಾಪಾರದ ಮನೆಯವರು. ಅವರಿಗೆಲ್ಲ ಮುಖಂಡರಂತೆ ಇದ್ದವರು ರೈಸ್ ಮಿಲ್ಲಿನ ಶಿವಶರಣಪ್ಪನವರು. ಒಂದು ಸೀಟು ಉಳಿಯಿತು. ಮಳೆ ಸರ್‌ಗೆ ಹೇಳಿದೆ, ನೀವೂ ಬರ್ರಿ, ನಮ್ಮ ಮಂದಿಗೆ ನಾಲ್ಕು ಮಾತು ತಿಳಿಸಿ ಹೇಳಿದರೆ ಸಾಕು ಎಂದು. ಅವರು ಕೂಡಲೇ ಹ್ಞೂಂ ಅನ್ನಲಿಲ್ಲ. ಜೀವನದಲ್ಲಿ ಒಮ್ಮೆ ಆಗಸ್ಟ್‌ನಲ್ಲಿ ಆ ಹೊಳೆ ನೋಡಬೇಕೆಂಬುದು ಅವರ ಆಸೆ ಎಂದು ನನಗೆ ತಿಳಿದಿತ್ತು. ಮರುದಿನ ಬಂದು, “ಆತು ತಮ್ಮಾ. ಇಷ್ಟು ವರ್ಷ ನಮ್ಮ ಮಳಿ ನೋಡೀನಿ, ಅವರ ಮಳಿ ನೋಡಾಕ ಬರ್ತೀನಿ. ಆದ್ರ ಮಂದಿಗೆ ಮಳಿಗಾಲ ಅಂತ ಮೊದಲ ಹೇಳು” ಎಂದರು. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಅಲ್ಲಿ ಇಳಿದ ದಿನದಿಂದ ಮಳೆ. ಬೆಳಿಗ್ಗೆ ಸ್ವಲ್ಪ ಬಿಸಿಲು, ಮಧ್ಯಾಹ್ನ ಮೋಡ, ಮೂರು ಗಂಟೆಗೆ ಜಡಿ. ಜೀಪಿನ ಕಿಟಕಿಯಾಚೆ ಎತ್ತ ನೋಡಿದರೂ ಹಸಿರು ಹುಲ್ಲು. ಆನೆ ಕಂಡವು, ನಾಲ್ಕು ಜಿರಾಫೆ ಕಂಡವು. ಹುಲ್ಲೊಳಗೆ ಎರಡು ಕಿವಿ ತೋರಿಸಿ ಡ್ರೈವರ್ ಸಿಂಹ ಎಂದ, ನಂಬಬೇಕಾಯಿತು. ಪೋಸ್ಟರಿನ ಹಿಂಡಿನ ಸುಳಿವಿಲ್ಲ. ಹೊಳೆ ಕೆಂಪಗೆ ತುಂಬಿ ಒಂಟಿಯಾಗಿ ಹರಿಯುತ್ತಿತ್ತು. ಊರಿಂದ ತಂದಿದ್ದ ಖಡಕ್ ರೊಟ್ಟಿ, ನಮ್ಮಲ್ಲಿ ತಿಂಗಳಿಟ್ಟರೂ ಕಟಂ ಅನ್ನುವಂಥವು, ಮೂರು ದಿನಕ್ಕೆ ಚಪಾತಿಯಾದವು.

ಮೂರನೆಯ ದಿನ ಜೀಪು ಕೆಸರಿನಲ್ಲಿ ಹೂತಿತು. ಎಲ್ಲರೂ ಇಳಿದು ಬೈಯುತ್ತ ನಿಂತಿರುವಾಗ ಮಳೆ ಸರ್ ಮಾತ್ರ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ತಿಕ್ಕುತ್ತಿದ್ದರು. “ಇದು ನಮ್ಮ ಅಳವಂಡಿ ಎರಿ ಮಣ್ಣಾನ ರೀ! ಹಸಿ ಆದ್ರ ಬಿಡಂಗಿಲ್ಲ, ಒಣಗಿದ್ರ ಬಾಯಿ ಬಿಡ್ತೈತಿ.” ಮುಖದ ತುಂಬ ಬೆಳಕು. ಡೇರೆಯ ಮುಂದೆ ಅವರು ತಮ್ಮ ಊಟದ ಸ್ಟೀಲ್ ಡಬ್ಬಿಯನ್ನೇ ಮಳೆಗಿಟ್ಟು ಅಡಿಪಟ್ಟಿಯಲ್ಲಿ ಅಳೆಯುತ್ತಿದ್ದರು. ಆ ಗುಂಪಿನಲ್ಲಿ ಸಂತೋಷವಾಗಿದ್ದವರು ಅವರೊಬ್ಬರೇ. ಅವರ ಸಂತೋಷ ಆ ಮಧ್ಯಾಹ್ನಕ್ಕೇ ಮುಗಿಯಿತು, ಮುಗಿಸಿದವನು ನಾನು.

ಕ್ಯಾಂಪಿಗೆ ಮರಳಿ, ಕೆಸರು ತೊಳೆದು, ಎಲ್ಲರೂ ಚಹಾಕ್ಕೆ ದೊಡ್ಡ ಡೇರೆಯಲ್ಲಿ ಸೇರಿದ್ದರು. ಮೇಲೆ ಮಳೆ ಬಡಿಯುತ್ತಿತ್ತು. ಶಿವಶರಣಪ್ಪನವರು ಶಾಂತವಾಗಿಯೇ ಕೇಳಿದರು.

“ಟೂರ್ ಸಾಹೇಬ್ರ, ಫೋಟೋದಾಗ ಇರುವಿ ಹತ್ತಿದಂಗ ದನ ತೋರ್ಸಿದ್ರಿ. ಎಲ್ಲಿ ಅದಾವ್ರಿ?”

“ಈ ಸಲ ಹವಾ ಕೆಟ್ಟೈತ್ರಿ ಸಾವಕಾರ್ರ. ಹೊತ್ತಲ್ಲದ ಹೊತ್ತಿನಾಗ ಮಳಿ ಹಿಡದೈತಿ. ನನ್ನ ಕೈಯಾಗ ಏನೈತ್ರಿ?” ಎಂದೆ. ಬಾಯಿ ಇದ್ದವನು ನಾನು, ಮಾತು ತಡವರಿಸಲಿಲ್ಲ.

“ಹಂಗೇನು?” ಎಂದು ಅವರು ಮೂಲೆಗೆ ತಿರುಗಿದರು. “ಸರ್ರ, ನೀವು ಮಳಿ ಅಳದವ್ರು. ನೀವ ಹೇಳಿಬಿಡ್ರಿ. ಇದು ಹೊತ್ತಲ್ಲದ ಮಳಿ ಹೌದೋ ಅಲ್ಲೋ?”

ಇಲ್ಲಿ ಒಂದು ವಿಷಯ ಹೇಳಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ಅವರು ಯಲಬುರ್ಗಾ ಕಡೆಯ ಒಂದು ಊರಿನಲ್ಲಿದ್ದರು. ಬರದ ಪಟ್ಟಿಯಲ್ಲಿ ಊರು ಸೇರುವುದೋ ಇಲ್ಲವೋ ಎನ್ನುವ ವರ್ಷ, ಕಡೆಯ ದಿನಗಳಲ್ಲಿ ಒಂದು ಮಳೆ ಬಿತ್ತು. ಊರ ಹಿರಿಯರು ಬಂದು ಸುಳ್ಳು ಬರೆಯಿರಿ ಅನ್ನಲಿಲ್ಲ. ಒಂದು ದಿನ ಡಬ್ಬಿ ನೋಡಲಿಕ್ಕೆ ಹೋಗಬೇಡಿ, ಅಷ್ಟೇ ಅಂದರು. ಇವರು ಹೋದರು, ನೋಡಿದರು, ಬರೆದರು. ಊರು ಬರದ ಪಟ್ಟಿಯಿಂದ ಬಿಟ್ಟುಹೋಯಿತು. ಆ ಊರಲ್ಲಿ ಒಂದು ವರ್ಷ ಇವರ ಮನೆಗೆ ಯಾರೂ ಮಜ್ಜಿಗೆ ಕೊಡಲಿಲ್ಲ. “ಆ ಮಂದಿಗೆ ನನ್ನಿಂದ ತ್ರಾಸ ಆತು, ಅದು ಈಗೂ ಚುಚ್ಚತೈತಿ. ಆದ್ರ ಮಳಿ ಬಂದಿತ್ತಲ್ಲ ತಮ್ಮಾ” ಎಂದು ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಹೇಳಿದ್ದರು. ಇದೆಲ್ಲ ತಿಳಿದವನೇ ನಾನು ಆ ಡೇರೆಯಲ್ಲಿ ಅವರ ಮುಖ ನೋಡಿದೆ. ನೋಡಿದೆ ಎಂದರೆ ಬೇಡಿಕೊಂಡೆ. ಮಾತಿಲ್ಲದೆ, ಹದಿನೆಂಟು ಜನರ ಎದುರು, ಕಣ್ಣಲ್ಲೇ ಕಾಲು ಹಿಡಿದೆ.

ಅವರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, “ಹೌದ್ರಿ. ಹೊತ್ತಲ್ಲದ ಮಳಿನ” ಎಂದರು.

ಶಿವಶರಣಪ್ಪನವರು ಬಟ್ಟಲು ಎತ್ತಿ ಚಹಾ ಕುಡಿದರು. ನನಗೆ ಹೋದ ಜೀವ ಬಂದಂತಾಯಿತು. ಎಂಥ ನಾಚಿಕೆಗೇಡಿ ನಾನು ಎಂದರೆ, ಆ ಹೊತ್ತಿಗೆ ನನಗೆ ಖುಷಿಯೇ ಆಯಿತು. ಹೊರಗೆ ಬಂದು ಅವರ ಕೈ ಹಿಡಿದು, “ಸರ್ರ, ಮರ್ಯಾದಿ ಉಳಿಸಿದ್ರಿ. ಮುಂದಿನ ಆಗಸ್ಟ್‌ಗೆ ನಿಮ್ಮನ್ನ ಹೊಳಿ ದಂಡಿಗೆ ನಿಲ್ಲಸ್ತೀನಿ” ಎಂದೆ.

“ಇರ್ಲಿ ಬಿಡ್ರಿ. ನೀವು ಒಳಗ ನಡೀರಿ, ತೊಯ್ಸಿಕೋಬ್ಯಾಡ್ರಿ” ಎಂದರು.

‘ತಮ್ಮ’ ಹೋಗಿ ನಾನು ಮತ್ತೆ ‘ನೀವು’ ಆಗಿದ್ದೆ. ಆ ದಿನ ಅದು ನನ್ನ ತಲೆಗೆ ಹೋಗಲಿಲ್ಲ. ಊರಿಗೆ ಬಂದ ಮೇಲೆ ಅವರು ಆಫೀಸಿಗೆ ಬರುವುದು ಕಡಿಮೆಯಾಯಿತು, ಬಂದರೂ ನಿಂತೇ ಮಾತಾಡಿ ಹೋಗುತ್ತಿದ್ದರು. ಒಂದು ಆಗಸ್ಟ್ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ನಾಟಿ ಹೊತ್ತಲ್ಲಿ ಗುಂಪು ಕೂಡುವುದಿಲ್ಲ ಎಂದು ನಾನು ನೆವ ಹೇಳುವ ಮೊದಲೇ ಅವರು “ಗೊತ್ತೈತ್ರಿ” ಅನ್ನುತ್ತಿದ್ದರು. ಬಾಗಿಲ ಮೇಲಿನ ಪೋಸ್ಟರ್ ಮಾತ್ರ ಹಾಗೇ ಇತ್ತು. ಅವರು ಒಳಗೆ ಬರುವಾಗ ಅದರ ಕಡೆ ನೋಡುವುದನ್ನು ಬಿಟ್ಟಿದ್ದರು.

ತೀರಿಕೊಂಡ ಸುದ್ದಿ ಕೇಳಿ ಮುನಿರಾಬಾದಿಗೆ ಹೋದೆ. ಒಂದು ಕಪಾಟಿನ ತುಂಬ ಅವೇ ಉದ್ದನೆಯ ನೋಟ್‌ಬುಕ್ಕುಗಳು, ವರ್ಷಕ್ಕೊಂದು. ಅವರ ಮಗಳು ಅದರಲ್ಲೊಂದನ್ನು ತೆಗೆದು ತಂದರು.

“ಅಣ್ಣಾರ, ಇದೊಂದನ್ನ ನಿಮಗ ಕೊಡು ಅಂತ ಅಪ್ಪಾಜಿ ಹೇಳಿದ್ರು. ಯಾಕ ಅಂತ ಹೇಳಲಿಲ್ಲ.”

ಮನೆಗೆ ಬರುವತನಕ ತಡೆಯಲಾಗಲಿಲ್ಲ. ಬಸ್ಸಿನಲ್ಲೇ ಬಿಚ್ಚಿದೆ. ಆ ಏಪ್ರಿಲ್ ಸಿಕ್ಕಿತು. ಮುನಿರಾಬಾದಿನ ಕಾಲಂನಲ್ಲಿ ಸೊನ್ನೆಗಳು, ಮಗಳು ನೋಡಿ ಫೋನಿನಲ್ಲಿ ಹೇಳಿದವಿರಬೇಕು. ‘ಅಲ್ಲಿ’ ಎಂಬ ಕಾಲಂನಲ್ಲಿ ಡಬ್ಬಿಯಲ್ಲಿ ಅಳೆದ ಮಳೆ. ಮೂರನೆಯ ದಿನದ ಎದುರಿಗೆ ಷರಾದಲ್ಲಿ ‘ಅಕಾಲ ಮಳೆ’ ಎಂದು ಬರೆದಿತ್ತು. ಅದರ ಮೇಲೆ ಒಂದೇ ಒಂದು ತೆಳು ಗೆರೆ. ಮೇಲೆ ಸಣ್ಣ ಅಕ್ಷರದಲ್ಲಿ ‘ಈ ತಿಂಗಳ ವಾಡಿಕೆ ಮಳೆ’, ಪಕ್ಕದಲ್ಲಿ ಸಹಿ, ಮರುದಿನದ ತಾರೀಖು. ಅವರ ಪದ್ಧತಿ ನನಗೆ ಗೊತ್ತಿತ್ತು. ತಪ್ಪು ಬರೆದರೆ ಉಜ್ಜಿ ಅಳಿಸಬಾರದು, ಒಂದೇ ಗೆರೆ ಹೊಡೆದು ಮೇಲೆ ಸರಿಯಾದದ್ದು ಬರೆದು ಸಹಿ ಹಾಕಬೇಕು, ಕೆಳಗಿನ ತಪ್ಪು ಎಲ್ಲರಿಗೂ ಓದಲಿಕ್ಕೆ ಬರಬೇಕು.

ನಾನು ಇಳಿಯುವ ಸ್ಟಾಪ್ ದಾಟಿ ಹೋಗಿದ್ದೆ.

ಒಂದು ವಾರ ನೋಟ್‌ಬುಕ್ಕು ನನ್ನ ಮೇಜಿನ ಡ್ರಾದಲ್ಲಿ ಬಿದ್ದಿತ್ತು. ಆಮೇಲೆ ಒಂದು ಬೆಳಿಗ್ಗೆ ಅದನ್ನು ಹಿಡಿದು ಶಿವಶರಣಪ್ಪನವರ ಮಿಲ್ಲಿಗೆ ಹೋದೆ. ಅವರು ಅಂಗಳದಲ್ಲಿ ಭತ್ತ ಕೆದರಿಸುತ್ತ ನಿಂತಿದ್ದರು. ಪುಟ ಬಿಚ್ಚಿ ಕೈಗೆ ಕೊಟ್ಟು ಹೇಳಿದೆ, ಆವತ್ತು ಸುಳ್ಳು ಹೇಳಿದವನು ನಾನು, ಅಲ್ಲಿ ಪ್ರತಿ ಏಪ್ರಿಲ್ ಹಾಗೇ, ಸರ್ ನನಗೆ ಮೊದಲೇ ಹೇಳಿದ್ದರು, ನನ್ನ ಮುಖ ನೋಡಿ ಅವರು ಆ ಮಾತು ಆಡಿದರು ಎಂದು.

ಅವರು ಕನ್ನಡಕ ಏರಿಸಿ ಓದಿದರು. ಆಶ್ಚರ್ಯಪಡಲಿಲ್ಲ.

“ನಮಗ ಗೊತ್ತಿತ್ತಲ್ರಿ.”

“ಯಾವಾಗಿಂದ?”

“ಅಲ್ಲೇ ಇದ್ದಾಗ. ಮರುದಿನ ಮುಂಜಾನಿ ನೀವು ಇನ್ನೂ ಎದ್ದಿರಲಿಲ್ಲ. ಸರ್ರು ತೊಯ್ಸಿಕೊಂತ ಒಂದೊಂದ ಡೇರೇಕ ಬಂದ್ರು. ನಿನ್ನಿ ನಾ ಅಂದದ್ದು ಸುಳ್ಳು, ಇದು ಇಲ್ಲಿಯ ವಾಡಿಕಿ ಮಳಿ, ತಪ್ಪಾತು ಅಂತ ಎಲ್ಲಾರ ಮುಂದ ಕೈ ಮುಗದ್ರು. ಹಿರೇ ಮನಷ್ಯಾ, ಸಣ್ಣ ಸಣ್ಣ ಹುಡುಗೂರಿಗೂ ಕೈ ಮುಗದ್ರು. ನನಗ ನೋಡಾಕ ಆಗಲಿಲ್ಲ.”

ಮೂರು ವರ್ಷ ಈ ಜನರ ಎದುರು ತಲೆಯೆತ್ತಿ ತಿರುಗಿದ್ದೇನೆ. ಇವರ ಮನೆಯ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ. ಹದಿನೆಂಟು ಜನಕ್ಕೂ ಗೊತ್ತಿದ್ದು, ಗೊತ್ತಿಲ್ಲ ಅಂದುಕೊಂಡವನು ನಾನೊಬ್ಬನೇ.

“ಮತ್ತ ನನಗೊಂದು ಮಾತು ಯಾಕ ಕೇಳಲಿಲ್ರಿ?”

“ನಾನು ಕೇಳೂದಿತ್ತು. ಅಲ್ಲೇ ಎಬ್ಬಿಸಿ ಕೇಳೂದಿತ್ತು. ಸರ್ರು ಬ್ಯಾಡ ಅಂದ್ರು.” ಶಿವಶರಣಪ್ಪನವರು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗಿಟ್ಟರು. “ನನ್ನ ತಪ್ಪಿನ ಮ್ಯಾಲ ನಾ ಗೆರಿ ಹೊಡ್ಕೊಂಡೀನಿ, ಅಂವಂದು ಅಂವನ ಹೊಡ್ಕೋಬೇಕು, ಹೊಡ್ಕೋತಾನ, ಒಂದೀಟು ತಡೀರಿ ಅಂದ್ರು. ಆಮ್ಯಾಲ ಎಲ್ಲಿ ಭೆಟ್ಟಿ ಆದ್ರೂ ಕೇಳ್ತಿದ್ರು, ನಮ್ಮ ತಮ್ಮ ಏನರ ಬಂದು ಹೇಳಿದ್ನೇನ್ರಿ ಅಂತ. ಹೋದ ದೀಪಾವಳಿಗೂ ಕೇಳಿದ್ರು.”

ಆಫೀಸಿಗೆ ಬಂದೆ. ಪೋಸ್ಟರನ್ನು ಕಿತ್ತು ಹಾಕಲು ಕೈ ಹಾಕಿದವನು ಬಿಟ್ಟೆ. ‘ಏಪ್ರಿಲ್’ ಎಂಬುದರ ಮೇಲೆ ಒಂದು ಗೆರೆ ಎಳೆದು, ಮೇಲೆ ‘ಆಗಸ್ಟ್’ ಎಂದು ಬರೆದು ಸಹಿ ಮಾಡಿದೆ. ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ, ಹೇಳುತ್ತೇನೆ. ಮುಂದಿನ ಆಗಸ್ಟ್‌ಗೆ ಹೆಸರು ಬರೆದುಕೊಳ್ಳಲು ಒಂದು ಪುಸ್ತಕ ಇಟ್ಟಿದ್ದೇನೆ. ನಾಟಿಯ ತಿಂಗಳು, ಈ ತನಕ ಒಬ್ಬರೂ ಬಂದಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆದು ತಾರೀಖು ಹಾಕಿ ಸೊನ್ನೆ ಬರೆಯುತ್ತೇನೆ.